ಹತ್ತು ದಿನ ಆದಮೇಲೆ ತಿನ್ನೋ ಕೇಕ್

ಮೊಮ್ಮಗ ಓದಲಿಕ್ಕೆ ಇಂಗ್ಲೆಂಡಿಗೆ ಹೋದ ವರ್ಷ ನಾನು ಕಳಿಸಿದ ಮೊದಲ ಕೇಕ್ ಬೂಷ್ಟು ಹಿಡಿದು ಅವನ ಕೈ ಸೇರಿತ್ತು. ಪಾಪ, ಹುಡುಗ ಹೇಳಲೇ ಇಲ್ಲ. "ಆಯಿ, ಛಲೋ ಇತ್ತು" ಅಂದುಬಿಟ್ಟ. ಮೂರು ತಿಂಗಳಾದ ಮೇಲೆ ಸೊಸೆ ಬಾಯಿ ತಪ್ಪಿ ಅಂದಾಗ ನನಗೆ ಗೊತ್ತಾಯಿತು. ಅದು ಬಾಳೆಹಣ್ಣಿನ ಕೇಕ್, ಕಳಿಸಿದ್ದು ಜುಲೈ ಮಳೆಯಲ್ಲಿ, ಸಾಲದ್ದಕ್ಕೆ ಇನ್ನೂ ಬೆಚ್ಚಗಿರುವಾಗಲೇ ಫಾಯಿಲ್ ಸುತ್ತಿ ಡಬ್ಬಿಗೆ ಹಾಕಿದ್ದೆ, ಯಾಕಂದರೆ ಕೌಂಟರ್ ಮುಚ್ಚುವುದರೊಳಗೆ ಪೋಸ್ಟ್ ಆಫೀಸ್ ಮುಟ್ಟಬೇಕಿತ್ತು. ಮೂರಕ್ಕೆ ಮೂರೂ ತಪ್ಪು ನನ್ನವೇ.

ಆಮೇಲೆ ಯೋಚನೆ ಮಾಡಿದೆ. ಇಡುವ ತಿನಿಸು ಮಾಡುವುದನ್ನು ನಮ್ಮ ಕಲಬುರಗಿ ಕಡೆಯ ಹೆಣ್ಣುಮಕ್ಕಳಿಗೆ ಯಾರಾದರೂ ಹೇಳಿಕೊಡಬೇಕಾ? ಕಡ್ಲಿಬೇಳೆ ಹೂರಣದ ಹೋಳಿಗೆ ಮೂರನೇ ದಿನಕ್ಕೆ ಹಳಸುತ್ತದೆ, ಶೇಂಗಾ ಹೋಳಿಗೆ ಹದಿನೈದು ದಿನ ಇದ್ದರೂ ಏನೂ ಆಗುವುದಿಲ್ಲ. ಬೇಯಿಸಿದ ಬೇಳೆಯಲ್ಲಿ ನೀರಿದೆ, ಹುರಿದ ಶೇಂಗಾ ಬೆಲ್ಲದ ಪುಡಿಯಲ್ಲಿ ಇಲ್ಲ, ಅಷ್ಟೇ ವ್ಯತ್ಯಾಸ. ಕಡಕ್ ರೊಟ್ಟಿ ತಿಂಗಳುಗಟ್ಟಲೆ ಉಳಿಯುವುದೂ ಇದೇ ಕಾರಣಕ್ಕೆ. ಕೇಕ್ ಅಂದ ಕೂಡಲೇ ಏನೋ ಬೇರೆ ದೇಶದ ವಿದ್ಯೆ ಅಂದುಕೊಂಡು ಈ ಬುದ್ಧಿಯನ್ನೆಲ್ಲ ಮನೆಯ ಮೂಲೆಗೆ ಇಟ್ಟಿದ್ದೆ ನಾನು. ಒಲೆಯಿಂದ ಇಳಿಸಿದ ದಿನ ಬಾಯಲ್ಲಿ ಕರಗುವ ಕೇಕ್ ಪಾರ್ಸೆಲ್ಲಿಗೆ ಬರುವುದಿಲ್ಲ. ಹತ್ತನೇ ದಿನಕ್ಕೆ ಹದವಾಗುವ ಕೇಕ್ ಬೇಕು.

ಹಾಗಾಗಿ ಬಾಳೆಹಣ್ಣು, ಗಜ್ಜರಿ, ಹಸಿ ಕೊಬ್ಬರಿ, ಕ್ರೀಮ್, ಮೇಲಿನ ಬಣ್ಣದ ಐಸಿಂಗ್ ಇದಾವುದೂ ಬೇಡ. ಒಣಹಣ್ಣಿನ ಕೇಕ್ ಮಾಡಿ. ಒಣಹಣ್ಣಿನಲ್ಲೂ ಕಂಡೆನ್ಸ್ಡ್ ಮಿಲ್ಕಿನಲ್ಲೂ ಸಕ್ಕರೆ ತುಂಬಿರುತ್ತದೆ, ಆ ಸಕ್ಕರೆ ಇರುವ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿಗೆ ಸಿಗಗೊಡುವುದಿಲ್ಲ. ಕೇಕೂ ಒಣಗುವುದಿಲ್ಲ.

ನಮ್ಮ ಮನೆಯಲ್ಲಿ ತತ್ತಿ ಒಳಗೆ ಬರುವುದಿಲ್ಲ, ಎಷ್ಟೋ ಮನೆಗಳಲ್ಲಿ ಹಾಗೆಯೇ. ಅದಕ್ಕೆ ಬೇಸರ ಏನೂ ಬೇಡ. ಕೇಕಿನಲ್ಲಿ ತತ್ತಿ ಮಾಡುವ ಕೆಲಸ ಎರಡು, ಹಿಟ್ಟನ್ನು ಹಿಡಿದು ನಿಲ್ಲಿಸುವುದು, ಉಬ್ಬಿಸುವುದು. ಹಿಡಿಯುವುದಕ್ಕೆ ಕಂಡೆನ್ಸ್ಡ್ ಮಿಲ್ಕ್ ಸಾಕು. ಉಬ್ಬಿಸುವುದಕ್ಕೆ ಸೋಡಾ ಮತ್ತು ಹುಳಿ, ಇಲ್ಲಿ ಆ ಹುಳಿ ಸಂತ್ರಾ ರಸದ್ದು. ಹುಳಿ ತಾಗಿದ ಕೂಡಲೇ ಸೋಡಾ ಗಾಳಿ ಬಿಡಲು ಶುರುಮಾಡುತ್ತದೆ, ಆದ್ದರಿಂದ ಕಲಸಿದ ಹಿಟ್ಟನ್ನು ಕಟ್ಟೆಯ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತರೆ ಗಾಳಿಯೆಲ್ಲ ಹೋಗಿ ಕೇಕ್ ಇಟ್ಟಿಗೆಯಾಗುತ್ತದೆ. ಮೊದಲು ಸೋಡಾ ಜೀವಂತ ಇದೆಯಾ ನೋಡಿಕೊಳ್ಳಿ. ಚಿಟಿಕೆ ಸೋಡಾಕ್ಕೆ ಲಿಂಬೆಹಣ್ಣು ಹಿಂಡಿದರೆ ಬುಸ್ಸೆಂದು ಉಕ್ಕಬೇಕು. ಬೇಕಿಂಗ್ ಪೌಡರನ್ನು ಬಿಸಿನೀರಿಗೆ ಹಾಕಿ ನೋಡಬೇಕು. ಬೇಸಿಗೆಯಿಡೀ ಅಡಿಗೆಮನೆಯಲ್ಲಿ ಕುದ್ದ ಹಳೇ ಡಬ್ಬಿಯನ್ನು ನಂಬಬೇಡಿ.

ಅಳತೆ ಹೇಳುತ್ತೇನೆ. ಹಿಂದಿನ ರಾತ್ರಿ ಪಾವು ಕಿಲೋ, ಅಂದರೆ 250 ಗ್ರಾಂ ಒಣಹಣ್ಣು ಸಣ್ಣಗೆ ಹೆಚ್ಚಿ. ನಾನು ವಿಜಯಪುರದ ಮಣೂಕ ಅರ್ಧ, ಉಳಿದದ್ದು ಖರ್ಜೂರ, ಟೂಟಿ ಫ್ರೂಟಿ, ಗೋಡಂಬಿ ಹಾಕುತ್ತೇನೆ. ಉತ್ತತ್ತಿ ಹಾಕುವುದಾದರೆ ಮೊದಲು ನೆನೆಸಿ, ಇಲ್ಲದಿದ್ದರೆ ಹಲ್ಲು ಹೋಗುತ್ತದೆ. ಊರಿಗೆ ನಾಗಪುರದ ಸಂತ್ರಾ ಬರುವ ಕಾಲವಾದರೆ ಎರಡು ಮೂರು ಹಣ್ಣು ಹಿಂಡಿ 150 ಎಂಎಲ್ ರಸ ತೆಗೆದು, ಅದರಲ್ಲಿ ಹೆಚ್ಚಿದ್ದನ್ನೆಲ್ಲ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಿ ಮುಚ್ಚಿಡಿ. ಬೇರೆಯವರು ರಮ್ಮಿನಲ್ಲಿ ನೆನೆಸುತ್ತಾರಂತೆ, ನಮ್ಮದು ಸಂತ್ರಾದಲ್ಲೇ ಆಗುತ್ತದೆ. ಸಂತ್ರಾ ಸಿಪ್ಪೆಯ ಮೇಲಿನ ಹಳದಿ ಭಾಗವನ್ನು ಮಾತ್ರ ಚೂರು ತುರಿದು ಹಾಕಿ, ಬಿಳಿ ಭಾಗ ಕಹಿ.

ಮರುದಿನ ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್, ಸುಮಾರು 400 ಗ್ರಾಂ, ಅದಕ್ಕೆ 125 ಎಂಎಲ್ ಎಣ್ಣೆ ಹಾಕಿ ಚೆನ್ನಾಗಿ ಕಲಸಿ. ತುಪ್ಪವೋ ಬೆಣ್ಣೆಯೋ ಹಾಕಿದರೆ ರುಚಿ ಜಾಸ್ತಿ, ನಿಜ. ಆದರೆ ಅಲ್ಲಿಯ ಚಳಿಗೆ ತುಪ್ಪ ಹೆಪ್ಪುಗಟ್ಟಿ ಕೇಕ್ ಬಿಗಿಯಾಗುತ್ತದೆ, ಎಣ್ಣೆ ಹಾಕಿದ್ದು ಮೆತ್ತಗೇ ಇರುತ್ತದೆ. ವಾಸನೆ ಇಲ್ಲದ ಸೂರ್ಯಕಾಂತಿ ಎಣ್ಣೆ ಆಗಬಹುದು. ಕುಸುಬಿ ಎಣ್ಣೆ ನಮ್ಮ ಪಲ್ಯಕ್ಕೆ ಛಲೋ, ಕೇಕಿಗೆ ಬೇಡ. 250 ಗ್ರಾಂ ಮೈದಾ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ತಿನ್ನುವ ಸೋಡಾ, ಚಿಟಿಕೆ ಉಪ್ಪು, ಸ್ವಲ್ಪ ದಾಲ್ಚಿನ್ನಿ ಏಲಕ್ಕಿ ಪುಡಿ, ಇದನ್ನು ಎರಡು ಸಲ ಜರಡಿ ಹಿಡಿಯಿರಿ. ಅದರಲ್ಲಿ ಒಂದು ಚಮಚ ಹಿಟ್ಟನ್ನು ನೆನೆದ ಹಣ್ಣಿನ ಮೇಲೆ ಉದುರಿಸಿ ಹೊರಳಾಡಿಸಿದರೆ ಹಣ್ಣು ತಳಕ್ಕೆ ಇಳಿಯುವುದಿಲ್ಲ. ಈಗ ಎಲ್ಲ ಸೇರಿಸಿ, ಒಣಹಿಟ್ಟು ಕಾಣದಷ್ಟು ಮಾತ್ರ ಕಲಸಿ ಕೈ ತೆಗೆಯಿರಿ. ನಮ್ಮ ಕೈಗೆ ನಾದುವ ಚಟ. ಹೋಳಿಗೆ ಕಣಕಕ್ಕೆ ನಾದಿದಷ್ಟೂ ಒಳ್ಳೆಯದು, ಕೇಕಿಗೆ ಮಾತ್ರ ಅದೇ ಶತ್ರು, ರಬ್ಬರಿನಂತೆ ಆಗುತ್ತದೆ. ತೀರಾ ಗಟ್ಟಿ ಅನ್ನಿಸಿದರೆ ಎರಡು ಚಮಚ ರಸ ಹಾಕಿ, ಅದಕ್ಕಿಂತ ಬೇಡ.

ಇದರಿಂದ ಅರ್ಧ ಅರ್ಧ ಕಿಲೋದ ಎರಡು ಕೇಕ್ ಆಗುತ್ತವೆ. ಬ್ರೆಡ್ಡಿನ ಆಕಾರದ ಅಲ್ಯೂಮಿನಿಯಂ ಫಾಯಿಲ್ ಟ್ರೇ ಸಿಗುತ್ತವಲ್ಲ, ಅದರಲ್ಲೇ ಬೇಯಿಸಿ ಅದರಲ್ಲೇ ಕಳಿಸಿ. ದುಂಡನೆಯ ಕೇಕ್ ನೋಡಲು ಚೆಂದ, ದಾರಿಯಲ್ಲಿ ಅಂಚು ಒಡೆಯುತ್ತದೆ. ಓವನ್ ಇದ್ದರೆ ಮೊದಲೇ ಕಾಯಿಸಿ 160 ಡಿಗ್ರಿಯಲ್ಲಿ 45ರಿಂದ 50 ನಿಮಿಷ. ಮೊದಲ ಅರ್ಧ ಗಂಟೆ ಬಾಗಿಲು ತೆಗೆದು ಇಣುಕಬೇಡಿ. ಕರೆಂಟಿನ ಭರವಸೆ ಇಲ್ಲದಿದ್ದರೆ ಹಳೇ ಕುಕ್ಕರ್ ತೆಗೆದುಕೊಂಡು, ರಬ್ಬರೂ ಸೀಟಿಯೂ ಕಿತ್ತಿಟ್ಟು, ತಳಕ್ಕೆ ಒಂದು ಇಂಚು ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ ಆಮೇಲೆ ಟ್ರೇ ಇಡಿ, ಸಣ್ಣ ಉರಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ನಮ್ಮ ಕಾಲದಲ್ಲಿ ಓವನ್ ಎಲ್ಲಿತ್ತು, ನಾನ್‌ಕಟಾಯಿ ಹಿಟ್ಟು ನಾದಿ ತಗಡಿನ ಮೇಲಿಟ್ಟು ಬೇಕರಿ ಭಟ್ಟಿಗೆ ಕಳಿಸುತ್ತಿದ್ದೆವು, ವಾಪಸ್ ಬರುವಾಗ ಎಣಿಸಿದರೆ ಯಾವಾಗಲೂ ಎರಡು ಕಡಿಮೆ. ಇರಲಿ. ಕಡ್ಡಿ ಚುಚ್ಚಿದರೆ ಏನೂ ಅಂಟದೆ ಬರಬೇಕು, ಮೇಲೆ ಬಿರುಕು ಬಿಟ್ಟರೆ ಬಿಡಲಿ, ಬಣ್ಣ ಸ್ವಲ್ಪ ಜಾಸ್ತಿ ಕೆಂಪಾದರೂ ಸರಿ. ಮನೆಯಲ್ಲಿ ತಿನ್ನುವ ಕೇಕಿಗಿಂತ ಪಾರ್ಸೆಲ್ ಕೇಕ್ ಒಂಚೂರು ಜಾಸ್ತಿ ಬೆಂದಿರಲಿ.

ಇನ್ನು ಆರಿಸುವುದು. ನಾನು ಸೋತದ್ದು ಇಲ್ಲೇ, ಅದಕ್ಕೆ ಎರಡು ಸಲ ಹೇಳುತ್ತೇನೆ, ಪೂರ್ತಿ ಆರಬೇಕು, ಒಳಗಿನವರೆಗೂ ಆರಬೇಕು. ಸಂಜೆ ಬೇಯಿಸಿದರೆ ತೆಳು ಬಟ್ಟೆ ಮುಚ್ಚಿ ಬೆಳಗಿನ ತನಕ ಜಾಳಿಗೆಯ ಮೇಲೆ ಬಿಡಿ. ಮೇಲೆ ತಣ್ಣಗಾಗಿ ಒಳಗೆ ಬೆಚ್ಚಗಿದ್ದರೆ ಸುತ್ತಿದ ಮೇಲೆ ಹಬೆ ನೀರಾಗಿ ಫಾಯಿಲಿನ ಒಳಮೈಗೆ ಕೂತುಕೊಳ್ಳುತ್ತದೆ, ಆ ಹನಿಯೇ ಬೂಷ್ಟಿಗೆ ಬೀಜ. ಆರಿದ ಮೇಲೆ ಮೊದಲು ಬಟರ್ ಪೇಪರ್, ಅದರ ಮೇಲೆ ಕ್ಲಿಂಗ್ ಫಿಲ್ಮ್ ಗಾಳಿ ಉಳಿಯದಂತೆ ಎರಡು ಸುತ್ತು, ಆಮೇಲೆ ಫಾಯಿಲ್, ಕೊನೆಗೆ ಜಿಪ್ ಚೀಲ. ಕೈ ತೊಳೆದು ಒರೆಸಿ ಮುಟ್ಟಿ, ಚಾಕು ತಾಗಿಸಬೇಡಿ. ಕತ್ತರಿಸಿದ ಕೇಕ್ ಬೇಗ ಕೆಡುತ್ತದೆ.

ಕಾಲವನ್ನೂ ನೋಡಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮೂರಲ್ಲಿ 42, 43 ಡಿಗ್ರಿ ಬಿಸಿಲು, ಅಂಥ ಬಿಸಿಲಲ್ಲಿ ಚೀಲದೊಳಗೆ ಕೂತ ಡಬ್ಬಿ ಬೆವರದೆ ಇರುತ್ತದಾ. ಮಳೆಗಾಲವೂ ಬೇಡ. ದೀಪಾವಳಿಯಿಂದ ಶಿವರಾತ್ರಿ ತನಕ ಒಳ್ಳೆಯ ಕಾಲ. ನಾನು ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಮಾಡುತ್ತೇನೆ, ಮೊಮ್ಮಗನ ಹುಟ್ಟಿದ ದಿನ ಜನವರಿಯಲ್ಲಿ. ಒಂದು ಸಲ 8 ದಿನಕ್ಕೆ ಮುಟ್ಟಿತು, ಇನ್ನೊಂದು ಸಲ 13 ದಿನ ಹಿಡಿಯಿತು. ಕ್ರಿಸ್ಮಸ್ ಹೊತ್ತಿಗೆ ಅಲ್ಲಿ ಪಾರ್ಸೆಲ್ಲಿನ ರಾಶಿ ಇರುತ್ತದೆ, ನಾಲ್ಕು ದಿನ ಜಾಸ್ತಿ ಹಿಡಿದುಕೊಳ್ಳಿ.

ಪೆಟ್ಟಿಗೆ ದೊಡ್ಡದಾದರೆ ಸುರಕ್ಷಿತ ಅಂದುಕೊಳ್ಳಬೇಡಿ. ಕೊರಿಯರಿನವರು ತೂಕದ ಜೊತೆ ಅಳತೆಯನ್ನೂ ಲೆಕ್ಕ ಹಾಕುತ್ತಾರೆ. ಉದ್ದ ಅಗಲ ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 30, 20, 15ರ ಪೆಟ್ಟಿಗೆಯಲ್ಲಿ ಒಂದು ಕಿಲೋ ಕೇಕ್ ಇಟ್ಟರೆ 1.8 ಕಿಲೋದ ಲೆಕ್ಕ. ಹಾಗಾಗಿ ಡಬ್ಬಿಗೆ ತಕ್ಕ ಪೆಟ್ಟಿಗೆ ಹುಡುಕಿ. ಸಂದಿಯಲ್ಲಿ ಹುಲ್ಲು ಗಿಲ್ಲು ತುಂಬಬೇಡಿ, ಹೊರದೇಶದವರು ಅದನ್ನು ಕಂಡರೆ ಹೆದರುತ್ತಾರೆ, ಅದರಲ್ಲಿ ಹುಳ ಬೀಜ ಬರುತ್ತವೆ ಅಂತ. ನಾನು ಹೊಸ ಹತ್ತಿ ಟವೆಲ್, ಎರಡು ಜೊತೆ ಕಾಲುಚೀಲ ತುರುಕುತ್ತೇನೆ, ಅವನಿಗೂ ಬೇಕಾಗುತ್ತವೆ. ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು.

ಮನೆಯಲ್ಲೇ ಟೇಪ್ ಹೊಡೆದು ಮುಗಿಸಬೇಡಿ. ಕೌಂಟರಿನಲ್ಲಿ ಒಳಗೇನಿದೆ ತೋರಿಸಿ ಅಂದರೆ ಎಲ್ಲ ಹರಿಯಬೇಕಾಗುತ್ತದೆ, ಟೇಪ್ ಕತ್ತರಿ ಚೀಲದಲ್ಲಿ ಇಟ್ಟುಕೊಂಡೇ ಹೋಗಿ. ಗುರುತಿನ ಚೀಟಿಯ ಜೆರಾಕ್ಸ್, ಅಲ್ಲಿಯವರ ಫೋನ್ ನಂಬರ್, ಪಿನ್‌ಕೋಡಿನ ಹಾಗೆ ಅವರದೊಂದು ಪೋಸ್ಟ್‌ಕೋಡ್ ಇರುತ್ತದೆ, ಅದೂ ಬೇಕು. ಕಸ್ಟಮ್ಸ್ ಫಾರ್ಮಿನಲ್ಲಿ ಬರೀ 'ಫುಡ್' ಅಂತ ಬರೆದರೆ ಅವರಿಗೆ ಅನುಮಾನ. ಮನೆಯಲ್ಲಿ ಮಾಡಿದ ಒಣಹಣ್ಣಿನ ಕೇಕ್, ಮೊಟ್ಟೆ ಇಲ್ಲ, ಕ್ರೀಮ್ ಇಲ್ಲ, ತೂಕ ಇಷ್ಟು, ಬೆಲೆ ಇಷ್ಟು, ಗಿಫ್ಟ್ ಅಂತ ಇಂಗ್ಲಿಷಿನಲ್ಲಿ ಬಿಡಿಸಿ ಬರೆಸಿ. ಬ್ರಿಟನ್ನಿಗೆ 39 ಪೌಂಡಿನ ಒಳಗಿನ ಗಿಫ್ಟಿಗೆ ತೆರಿಗೆ ಇಲ್ಲ, ನಮ್ಮ ದುಡ್ಡಿನಲ್ಲಿ ನಾಲ್ಕು ಸಾವಿರದ ಮೇಲೆ ಆಯಿತು, ಕೇಕ್ ಅಷ್ಟಾಗುವುದಿಲ್ಲ ಬಿಡಿ. ತಾಜಾ ಕ್ರೀಮ್ ಇಲ್ಲದ ಕೇಕನ್ನು ಅಲ್ಲಿ ಬಿಡುತ್ತಾರೆ. ಆದರೆ ಜಾಗ ಉಳಿದಿದೆ ಅಂತ ಅದೇ ಡಬ್ಬಿಯಲ್ಲಿ ಪೇಡಾ, ಖವಾ, ತುಪ್ಪದ ಬಾಟಲಿ ಇಡಬೇಡಿ. ಹಾಲಿನ ಪದಾರ್ಥ ನಮ್ಮ ದೇಶದಿಂದ ಅಲ್ಲಿಗೆ ಕಳಿಸುವಂತಿಲ್ಲ, ಪೇಡಾದ ಸಲುವಾಗಿ ಕೇಕೂ ಹೋಗುತ್ತದೆ. ಅಮೆರಿಕಕ್ಕೆ ತಿನ್ನುವ ವಸ್ತು ಕಳಿಸುವಾಗ ಮೊದಲೇ ಅವರ ಆಹಾರ ಇಲಾಖೆಗೆ ತಿಳಿಸಬೇಕು ಅಂತ ನಿಯಮ ಇದೆ, ಮನೆಯಲ್ಲಿ ಮಾಡಿ ನಮ್ಮವರಿಗೇ ಗಿಫ್ಟಾಗಿ ಕಳಿಸಿದರೆ ಅದು ಬೇಡ.

ನಮ್ಮ ಓಣಿಯಲ್ಲಿ ಅರ್ಧ ಹುಡುಗರು ದುಬೈ, ಸೌದಿ ಕಡೆಗೇ ಇದ್ದಾರೆ. ಅವರ ಅವ್ವಂದಿರಿಗೆ ನಾನು ಒಂದೇ ಮಾತು ಹೇಳುವುದು, ಯಾವ ತಿನಿಸಿನ ಮೇಲೂ ಒಂದು ಕಾಳು ಗಸಗಸೆ ಉದುರಿಸಬೇಡಿ ತಾಯಿ. ನಮಗೆ ಅದು ಮಸಾಲೆ, ಅಲ್ಲಿ ಅದು ನಿಷಿದ್ಧ ವಸ್ತು, ಹುಡುಗನನ್ನೇ ಹಿಡಿದು ಕೂರಿಸುತ್ತಾರೆ.

ಕೇಕಿನ ಜೊತೆ ಒಂದು ಚೀಟಿಯಲ್ಲಿ ಏನೇನು ಹಾಕಿದ್ದೀರಿ ಅಂತ ಬರೆದಿಡಿ, ಗೋಡಂಬಿ ಇದೆ, ಹಾಲಿದೆ, ಮೈದಾ ಇದೆ ಅಂತ. ಮಕ್ಕಳು ಒಬ್ಬರೇ ತಿನ್ನುವುದಿಲ್ಲ, ರೂಮಿನವರಿಗೆ ಹಂಚುತ್ತಾರೆ, ಆ ಕಡೆ ಕೆಲವರಿಗೆ ಗೋಡಂಬಿ ಶೇಂಗಾ ಸೇರಿದರೆ ಉಸಿರೇ ಕಟ್ಟುತ್ತದೆ.

ಎರಡನೇ ಕೇಕ್ ಏನು ಮಾಡಬೇಕು ಅಂತ ಕೇಳುತ್ತೀರಲ್ವಾ. ಅದನ್ನೂ ಅದೇ ರೀತಿ ಸುತ್ತಿ ಮನೆಯ ಕಪಾಟಿನಲ್ಲಿ ಇಡಿ, ಮೊಮ್ಮಕ್ಕಳ ಕೈಗೆ ಸಿಗದ ಜಾಗದಲ್ಲಿ. ಪಾರ್ಸೆಲ್ ಮುಟ್ಟಿದೆ ಅಂತ ಫೋನ್ ಬಂದ ದಿನವೇ ಅದನ್ನು ಬಿಚ್ಚಿ. ಅಲ್ಲಿಯವನ ಬಾಯಿಗೆ ಹೇಗೆ ಹತ್ತಿರಬಹುದು ಅಂತ ನಿಮಗೇ ಗೊತ್ತಾಗುತ್ತದೆ, "ಛಲೋ ಇತ್ತು ಆಯಿ" ಅನ್ನುವವರ ಮಾತನ್ನು ನಂಬಬೇಕಾದ ಪ್ರಸಂಗ ಇಲ್ಲ. ಹೋದ ಸಲ ನಾನು ಬಿಚ್ಚಿದಾಗ ದಾಲ್ಚಿನ್ನಿ ಜಾಸ್ತಿ ಆಗಿತ್ತು, ಮೊದಲ ದಿನ ಗೊತ್ತೇ ಆಗಿರಲಿಲ್ಲ. ಇಟ್ಟಷ್ಟೂ ಮಸಾಲೆ ವಾಸನೆ ಏರುತ್ತದೆ, ಈ ಸಲ ಅರ್ಧಕ್ಕೆ ಇಳಿಸಿದ್ದೇನೆ.

ಅಲ್ಲಿಯವರಿಗೆ ಹೇಳಿಬಿಡಿ, ಬಿಚ್ಚಿದ ಮೇಲೆ ಫ್ರಿಜ್ಜಿನಲ್ಲಿ ಇಟ್ಟರೆ ಬೇಗ ಬಿರುಸಾಗುತ್ತದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹೊರಗಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ, ತಿನ್ನುವ ಮುಂಚೆ ಮೈಕ್ರೋವೇವಿನಲ್ಲಿ ಹತ್ತು ಸೆಕೆಂಡ್ ಬಿಸಿ ಮಾಡಿ ಅಂತ. ನಮ್ಮವನಿಗೆ ಎಷ್ಟು ಹೇಳಿದರೂ ಅಷ್ಟೇ, ಫ್ರಿಜ್ಜಿಗೇ ಇಡುತ್ತಾನೆ.