ಬ್ಲೌಸ್ ಆರ್ಡರ್‌ಗಳಿಗೆ ಟ್ರೆಲ್ಲೊ: ತಲೆ ಕೆಡಿಸಿಕೊಳ್ಳದೆ ಶುರು ಮಾಡೋದು ಹೇಗೆ

ಟೈಲರ್ ಅಂಗಡಿಗೆ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಅಕ್ಕಾ, ನನ್ನ ಬ್ಲೌಸ್ ಆಯ್ತಾ?" ಮೆಷಿನ್ ನಿಲ್ಲಿಸಿ, ಎದ್ದು, ಕವರ್‌ಗಳ ರಾಶಿಯಲ್ಲಿ ಹುಡುಕಿ ಆಮೇಲೆ ಉತ್ತರ ಹೇಳಬೇಕು. ಶಿವಮೊಗ್ಗದ ನನ್ನ ಸಣ್ಣ ಅಂಗಡಿಯಲ್ಲಿ ಈಗ ಕೂತಲ್ಲೇ ಹೇಳುತ್ತೇನೆ. ಹೊಲಿಗೆ ಆಗಿದೆ, ಹುಕ್ಸ್ ಬಾಕಿ, ನಾಳೆ ಸಂಜೆ ಬನ್ನಿ ಅಂತ. ಇದಕ್ಕೆ ಬಳಸುವುದು ಟ್ರೆಲ್ಲೊ ಅನ್ನುವ ಆ್ಯಪ್. ನಮ್ಮಂಥ ಅಂಗಡಿಗೆ ದುಡ್ಡು ಕೊಡದ ಆವೃತ್ತಿಯೇ ಧಾರಾಳ.

ಇದನ್ನು ನೋಡಿ ಇಷ್ಟಪಟ್ಟು ಡೌನ್‌ಲೋಡ್ ಮಾಡಿಕೊಂಡ ಟೈಲರ್‌ಗಳು ಬಹಳ ಜನ. ಅದರಲ್ಲಿ ಅರ್ಧದಷ್ಟು ಮಂದಿ ವಾರದೊಳಗೆ ಬಿಟ್ಟೂಬಿಡುತ್ತಾರೆ. ಮೊದಲ ದಿನವೇ ಎಲ್ಲ ಬಟನ್ ಒತ್ತಿ ನೋಡುತ್ತಾರೆ, ಇಡೀ ಅಂಗಡಿಯನ್ನು ಅದರೊಳಗೆ ತುಂಬಲು ಹೋಗುತ್ತಾರೆ, ಸುಸ್ತಾಗುತ್ತಾರೆ. ಆ್ಯಪ್ ತೆರೆಯುವ ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಿ: ಇದು ನನ್ನ ಯಾವ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು? ಆ ಉತ್ತರಕ್ಕೆ ಬೇಕಾದಷ್ಟನ್ನು ಮಾತ್ರ ಕಲಿಯಿರಿ. ನನ್ನ ಪ್ರಶ್ನೆ "ಯಾರ ಬಟ್ಟೆ ಯಾವ ಹಂತದಲ್ಲಿದೆ?" ಅನ್ನುವುದು. ಕೇಕ್ ಮಾಡಿ ಮಾರುವವರಿಗೆ, ಮಿಕ್ಸಿ ರಿಪೇರಿ ಅಂಗಡಿಯವರಿಗೆ ಪ್ರಶ್ನೆ ಬೇರೆ ಇರಬಹುದು. ಆದರೆ ಒಂದೇ ಇರಲಿ.

ಶುರು ಮಾಡುವ ಕಾಲವೂ ಮುಖ್ಯ. ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಬ್ಲೌಸ್‌ಗಳು ತಲೆ ಮೇಲೆ ಕೂತಿರುವಾಗ ಹೊಸದನ್ನು ಕಲಿಯಲು ಹೋಗಬೇಡಿ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಕೈ ಸ್ವಲ್ಪ ಖಾಲಿ ಇರುತ್ತದೆ. ಆಗ ಶುರು ಮಾಡಿದರೆ ಶ್ರಾವಣದ ಹೊತ್ತಿಗೆ ಬೆರಳು ತಾನಾಗಿ ಓಡುತ್ತದೆ.

ಟ್ರೆಲ್ಲೊದಲ್ಲಿ ತಿಳಿಯಬೇಕಾದ್ದು ಮೂರೇ: ಬೋರ್ಡ್, ಲಿಸ್ಟ್, ಕಾರ್ಡ್. ಗೋಡೆಗೆ ಹಾಕಿದ ಒಂದು ಹಲಗೆ, ಅದರಲ್ಲಿ ಪಕ್ಕಪಕ್ಕ ಸಾಲುಗಳು, ಸಾಲಿನಲ್ಲಿ ಅಂಟಿಸಿದ ಚೀಟಿಗಳು ಅಂದುಕೊಳ್ಳಿ. ಚೀಟಿಯನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಎಳೆಯಬಹುದು. ಇಷ್ಟು ಗೊತ್ತಾದರೆ ಕೆಲಸ ಶುರು ಮಾಡಬಹುದು.

ಪ್ಲೇ ಸ್ಟೋರ್‌ನಿಂದ ಹಾಕಿಕೊಂಡು ನಿಮ್ಮ ಜಿಮೇಲ್ ಖಾತೆಯಿಂದಲೇ ಒಳಗೆ ಹೋಗಿ. ಸಿದ್ಧ ಮಾದರಿಗಳನ್ನು ತೋರಿಸಿದರೆ ಬೇಡ ಅನ್ನಿ. ಅವು ಆಫೀಸಿನವರಿಗೆ ಮಾಡಿದ್ದು, ನಮಗೆ ಹೊಂದುವುದಿಲ್ಲ. ಹೊಸ ಬೋರ್ಡ್ ಮಾಡಿ, "ಅಂಗಡಿ ಆರ್ಡರ್" ಅಂತಲೋ ಏನೋ ಹೆಸರಿಡಿ. ಬಟನ್‌ಗಳು ಇಂಗ್ಲಿಷ್‌ನಲ್ಲಿದ್ದರೂ ಬೋರ್ಡ್, ಲಿಸ್ಟ್, ಕಾರ್ಡ್‌ಗಳ ಹೆಸರನ್ನೆಲ್ಲ ಕನ್ನಡದಲ್ಲೇ ಬರೆಯಬಹುದು. ಟೈಪ್ ಮಾಡೋದು ಬೇಜಾರು ಅನ್ನಿಸಿದರೆ ಜಿಬೋರ್ಡ್ ಕೀಬೋರ್ಡ್‌ನಲ್ಲಿ ಕನ್ನಡ ಹಾಕಿಕೊಂಡು ಮೈಕ್ ಒತ್ತಿ ಹೇಳಿ. ಬಟ್ಟೆ ಕೈಯಲ್ಲಿ ಹಿಡಿದೇ ಮಾತಾಡಬಹುದು, ಅದೇ ಅನುಕೂಲ.

ಬೋರ್ಡ್ ಮಾಡುವಾಗ ಅದನ್ನು ಯಾರು ನೋಡಬಹುದು ಅಂತ ಕೇಳುತ್ತದೆ. ಇಲ್ಲಿ ಮಾತ್ರ ಅವಸರ ಮಾಡಬೇಡಿ. ಪ್ರೈವೇಟ್ ಅಂತಲೇ ಆರಿಸಿ. ಪಬ್ಲಿಕ್ ಅಂತ ಇಟ್ಟರೆ ಯಾರು ಬೇಕಾದರೂ ನೋಡಬಹುದು, ಗೂಗಲ್ ಹುಡುಕಾಟದಲ್ಲೂ ಸಿಗಬಹುದು. ನಮ್ಮ ಬೋರ್ಡ್‌ನಲ್ಲಿ ಹೆಣ್ಣುಮಕ್ಕಳ ಹೆಸರಿರುತ್ತದೆ. ಅವರು ನಂಬಿ ಅಳತೆ ಕೊಟ್ಟಿರುತ್ತಾರೆ. ನಾನು ಅಳತೆಯನ್ನೂ ಫೋನ್ ನಂಬರನ್ನೂ ಕಾರ್ಡ್‌ನಲ್ಲಿ ಬರೆಯುವುದೇ ಇಲ್ಲ. ಅವು ಅಳತೆ ಪುಸ್ತಕದಲ್ಲಿವೆ. ಕಾರ್ಡ್‌ನಲ್ಲಿ ಪುಸ್ತಕದ ಪುಟದ ಸಂಖ್ಯೆ ಇದ್ದರೆ ಸಾಕು.

ಈಗ ಲಿಸ್ಟ್‌ಗಳು. ಮೂರು ಮಾಡಿ: "ಬಂದಿದ್ದು", "ಕೈಯಲ್ಲಿದೆ", "ರೆಡಿ". ಕಟಿಂಗ್, ಹೊಲಿಗೆ, ಹೆಮ್ಮಿಂಗ್, ಹುಕ್ಸ್, ಇಸ್ತ್ರಿ ಅಂತ ಎಲ್ಲ ಹಂತಕ್ಕೂ ಒಂದೊಂದು ಲಿಸ್ಟ್ ಮಾಡೋಣ ಅಂತ ಆಸೆಯಾಗುತ್ತದೆ. ತಡೆದುಕೊಳ್ಳಿ. ಲಿಸ್ಟ್ ಜಾಸ್ತಿಯಾದಷ್ಟೂ ಕಾರ್ಡ್ ಎಳೆಯುವ ಕೆಲಸವೂ ಜಾಸ್ತಿ. ಎಳೆಯುವುದು ತಪ್ಪಿಹೋಯಿತೋ, ಬೋರ್ಡ್ ಹೇಳುವುದೊಂದು, ಕವರ್ ಇರುವುದು ಇನ್ನೆಲ್ಲೋ. ಆಮೇಲೆ ನೀವೇ ಬೋರ್ಡನ್ನು ನಂಬುವುದಿಲ್ಲ.

ಹಳೆಯ ಆರ್ಡರ್‌ಗಳನ್ನು ಏನು ಮಾಡೋದು? ಬಿಡಿ. ರಸೀದಿ ಪುಸ್ತಕದಲ್ಲಿರುವುದನ್ನೆಲ್ಲ ಕೂತು ಆ್ಯಪ್‌ಗೆ ಏರಿಸಲು ಹೋಗಬೇಡಿ. ಹೊಸಬರು ಸೋಲುವುದು ಹೆಚ್ಚಾಗಿ ಅಲ್ಲೇ. ಈ ವಾರ ಕೊಡಬೇಕಾದ ಕವರ್‌ಗಳನ್ನು ಮಾತ್ರ ಟೇಬಲ್ ಮೇಲೆ ಸಾಲಾಗಿ ಇಟ್ಟು ಒಂದೊಂದಕ್ಕೆ ಒಂದು ಕಾರ್ಡ್ ಮಾಡಿ. ನಾಳೆಯಿಂದ ಬರುವುದಕ್ಕೆ ಬಂದಾಗ ಬಂದಾಗ ಮಾಡಿದರಾಯಿತು. ಉಳಿದದ್ದು ಹಳೆ ಪುಸ್ತಕದಲ್ಲೇ ಇದ್ದು ಅಲ್ಲೇ ಮುಗಿಯಲಿ.

ಒಂದು ಕಾರ್ಡ್ ಹೇಗಿರಬೇಕು ಅಂತ ತೋರಿಸುತ್ತೇನೆ. ಗಿರಾಕಿ ಬಂದು ರೇಷ್ಮೆ ಸೀರೆಯ ಬ್ಲೌಸ್ ಪೀಸ್ ಕೊಟ್ಟರು ಅನ್ನಿ. "ಬಂದಿದ್ದು" ಲಿಸ್ಟ್‌ನ ಕೆಳಗೆ ಕಾರ್ಡ್ ಸೇರಿಸುವ ಬಟನ್ ಇದೆ. ಒತ್ತಿ. ಹೆಸರಿನ ಜಾಗದಲ್ಲಿ ನಾನು ಬರೆಯುವುದು ಹೀಗೆ: "214 ಸವಿತಾ ವಿನೋಬನಗರ, ಹಸಿರು ರೇಷ್ಮೆ, 2". ಮೊದಲು ಕವರ್ ನಂಬರ್, ಅದೇ ನಂಬರ್ ಕವರ್ ಮೇಲಿನ ಚೀಟಿಯಲ್ಲೂ ಇರುತ್ತದೆ. ಆಮೇಲೆ ಹೆಸರು, ಬಡಾವಣೆ, ಬಟ್ಟೆ, ಎಷ್ಟು ಪೀಸ್. ಸವಿತಾ ಅನ್ನುವವರು ಊರಲ್ಲಿ ಎಷ್ಟೋ ಮಂದಿ ಇದ್ದಾರೆ, ಅದಕ್ಕೇ ಬಡಾವಣೆ ಬೇಕು.

ಕಾರ್ಡ್ ತೆರೆದು ಅಟ್ಯಾಚ್‌ಮೆಂಟ್ ಅನ್ನುವಲ್ಲಿ ಹೋಗಿ ಬಟ್ಟೆಯ ಫೋಟೊ ತೆಗೆಯಿರಿ. ಬಟ್ಟೆಯನ್ನು ಟೇಬಲ್ ಮೇಲೆ ಹರಡಿ, ಅಂಚು ಕಾಣುವ ಹಾಗೆ, ಪಕ್ಕದಲ್ಲಿ ಅವರು ಕೊಟ್ಟ ಅಳತೆ ಬ್ಲೌಸ್ ಇಟ್ಟು ತೆಗೆದರೆ ಎರಡೂ ಒಂದೇ ಫೋಟೊದಲ್ಲಿ ಬರುತ್ತವೆ. ಅಳತೆ ಬ್ಲೌಸ್ ಕೊಟ್ಟಿದ್ದೆನೋ ಇಲ್ಲವೋ ಅನ್ನುವ ಮಾತು ಇಬ್ಬರ ನಡುವೆ ಬರುವುದೇ ಇಲ್ಲ. ಕಾರ್ಡ್‌ನ ಹೊರಗೆ ಫೋಟೊ ಕಾಣದಿದ್ದರೆ ಕವರ್ ಅನ್ನುವ ಬಟನ್ ಒತ್ತಿ ಅದೇ ಫೋಟೊ ಆರಿಸಿ. ಫೋಟೊ ಹೊರಗೆ ಕಾಣುವುದು ಬಹಳ ಉಪಯೋಗ. ಓದುವುದೇ ಬೇಡ, ಬಣ್ಣ ನೋಡಿದರೆ ಯಾರದ್ದು ಅಂತ ಗೊತ್ತಾಗುತ್ತದೆ. ವಾಟ್ಸಾಪ್‌ನಲ್ಲಿ ಗಿರಾಕಿ ಕಳಿಸಿದ ಡಿಸೈನ್ ಇದ್ದರೆ ಅದನ್ನೂ ಇಲ್ಲೇ ಸೇರಿಸಿ. ಕಟಿಂಗ್ ಮಾಡುವಾಗ ಚಾಟ್‌ನಲ್ಲಿ ಮೇಲೆ ಕೆಳಗೆ ಹುಡುಕುವ ಕಷ್ಟ ತಪ್ಪುತ್ತದೆ.

ಡಿಸ್ಕ್ರಿಪ್ಷನ್ ಜಾಗದಲ್ಲಿ ಗಿರಾಕಿ ಬಾಯಿಬಿಟ್ಟು ಹೇಳಿದ್ದನ್ನು ಬರೆಯಿರಿ. "ತೋಳಿಗೆ ಅಂಚು ಬರಲಿ. ಹಿಂದೆ ಪಾಟ್ ನೆಕ್, ದಾರ ಬೇಡ. ಪುಟ 38. ಸೀರೆ ಫಾಲ್ಸ್, ಜಿಗ್‌ಜಾಗ್ ಕೂಡ." ಅಷ್ಟೇ. ಅವರು ಎದುರಿಗೆ ನಿಂತಿರುವಾಗಲೇ ಬರೆದು ಒಮ್ಮೆ ಓದಿ ಹೇಳಿ. "ಹೌದಕ್ಕ, ಆದ್ರೆ ತೋಳು ಸ್ವಲ್ಪ ಉದ್ದ ಇರ್ಲಿ" ಅಂತ ಮರೆತದ್ದು ನೆನಪಾಗುವುದು ಆಗಲೇ.

ಕೊನೆಗೆ ತಾರೀಖು. ಡ್ಯೂ ಡೇಟ್ ಅಂತ ಇದೆ. ಅಲ್ಲಿ ಗಿರಾಕಿಗೆ ಹೇಳಿದ ತಾರೀಖು ಹಾಕಬೇಡಿ, ಅದಕ್ಕಿಂತ ಎರಡು ದಿನ ಮುಂಚಿನದು ಹಾಕಿ. ತಾರೀಖು ಹತ್ತಿರ ಬಂದರೆ ಹಳದಿಯಾಗುತ್ತದೆ, ದಾಟಿದರೆ ಕೆಂಪಾಗುತ್ತದೆ. ಕೆಂಪು ಕಂಡಾಗಲೂ ನಿಮ್ಮ ಕೈಯಲ್ಲಿ ಇನ್ನೂ ಸಮಯ ಇರಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೇಳಿಕೇಳಿ ಅಲ್ಲ, ಆ ಎರಡು ದಿನ ಅದಕ್ಕೂ ಬೇಕು. ನೆಟ್ ಇಲ್ಲದಿದ್ದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಫೋನಿನ ಆ್ಯಪ್‌ನಲ್ಲಿ ನೆಟ್ ಇಲ್ಲದಾಗಲೂ ಕಾರ್ಡ್ ನೋಡಬಹುದು, ಎಳೆಯಬಹುದು. ನೆಟ್ ಬಂದ ಮೇಲೆ ತಾನೇ ಸರಿಹೋಗುತ್ತದೆ.

ನಿಯಮ ಒಂದೇ ಇಟ್ಟುಕೊಳ್ಳಿ. ಬಟ್ಟೆ ಜರುಗಿದರೆ ಕಾರ್ಡ್ ಜರುಗಬೇಕು. ಕತ್ತರಿ ಕೈಗೆತ್ತಿಕೊಳ್ಳುವಾಗ ಕಾರ್ಡನ್ನು ಒತ್ತಿ ಹಿಡಿದು "ಕೈಯಲ್ಲಿದೆ" ಲಿಸ್ಟ್‌ಗೆ ಎಳೆಯಿರಿ. ಇಸ್ತ್ರಿ ಮಾಡಿ ಕವರ್‌ಗೆ ಹಾಕಿದಾಗ "ರೆಡಿ"ಗೆ. ಸಂಜೆ ಎಲ್ಲ ಒಟ್ಟಿಗೆ ಮಾಡುತ್ತೇನೆ ಅಂದರೆ ಆಗುವುದಿಲ್ಲ, ಸಂಜೆಗೆ ಮನೆ ನೆನಪಾಗುತ್ತದೆ, ಬೋರ್ಡ್ ಅಲ್ಲ.

ಬಣ್ಣದ ಲೇಬಲ್, ಚೆಕ್‌ಲಿಸ್ಟ್, ಪವರ್-ಅಪ್, ಆಟೊಮೇಷನ್, ಪ್ಲಾನರ್, ಹಿನ್ನೆಲೆ ಚಿತ್ರ ಎಲ್ಲ ಇವೆ. ಮೊದಲ ತಿಂಗಳು ಅವುಗಳ ಕಡೆ ನೋಡಬೇಡಿ. ನೋಟಿಫಿಕೇಷನ್‌ಗಳಲ್ಲಿ ಡ್ಯೂ ಡೇಟ್ ನೆನಪಿಸುವುದನ್ನು ಬಿಟ್ಟು ಉಳಿದದ್ದನ್ನು ಆಫ್ ಮಾಡಿ. ಫೋನ್ ಸುಮ್ನೆ ಟಿಂಗ್ ಟಿಂಗ್ ಅನ್ನುತ್ತಿದ್ದರೆ ಯಾರಿಗೂ ಬೇಸರವೇ. ದುಡ್ಡಿನ ಲೆಕ್ಕವನ್ನೂ ಇಲ್ಲಿಗೆ ತರಬೇಡಿ. ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು ಅಂತ ಕೂಡಿಸಿ ಕಳೆಯುವುದಕ್ಕೆ ಟ್ರೆಲ್ಲೊ ಮಾಡಿದ್ದಲ್ಲ. ಅದಕ್ಕೆ ರಸೀದಿ ಪುಸ್ತಕ ಚೆನ್ನಾಗಿದೆ. ಪುಸ್ತಕ ಬಿಡಲೇಬೇಕು ಅಂತ ಯಾರೂ ಹೇಳಿಲ್ಲ.

ಒಂದಷ್ಟು ದಿನ ಹೀಗೆ ನಡೆಸಿದ ಮೇಲೆ ಬೋರ್ಡ್ ನಿಮಗೆ ಕೆಲವು ವಿಷಯ ತೋರಿಸಲು ಶುರು ಮಾಡುತ್ತದೆ. ನನಗೆ ಇದೇ ತುಂಬ ಇಷ್ಟದ ಭಾಗ. ನಮ್ಮ ಅಂಗಡಿಯಲ್ಲಿ "ಕೈಯಲ್ಲಿದೆ" ಲಿಸ್ಟ್ ಯಾವಾಗಲೂ ಉದ್ದ ಇರುತ್ತಿತ್ತು. ಒಂದೊಂದೇ ಕಾರ್ಡ್ ತೆರೆದು ನೋಡಿದರೆ ಹೊಲಿಗೆ ಮುಗಿದ ಬ್ಲೌಸ್‌ಗಳೇ ಜಾಸ್ತಿ. ಬಾಕಿ ಇದ್ದದ್ದು ಹೆಮ್ಮಿಂಗ್, ಹುಕ್ಸ್. ಕೈಕೆಲಸ ಮಾಡುವವರು ಒಬ್ಬರೇ, ಮೆಷಿನ್ ಕೂತವರು ಇಬ್ಬರು. ಆಗ ನಾಲ್ಕನೇ ಲಿಸ್ಟ್ ಮಾಡಿದೆ: "ಹುಕ್ಸ್ ಬಾಕಿ". ಆರಿ ವರ್ಕ್‌ಗೆ, ಕುಚ್ಚಿಗೆ ಹೊರಗೆ ಕೊಡುವುದು ಶುರುವಾದ ಮೇಲೆ "ಹೊರಗೆ ಕೊಟ್ಟಿದ್ದು" ಅಂತ ಇನ್ನೊಂದು. ಲಿಸ್ಟ್ ಹೀಗೆ ಹುಟ್ಟಬೇಕು. ಕಾರ್ಡ್‌ಗಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ ಅಂತ ನೋಡಿ, ಅಲ್ಲೊಂದು ಲಿಸ್ಟ್ ಮಾಡಿ.

ಇಲ್ಲಿ ಟೊಯೊಟಾ ಕಾರ್ಖಾನೆಯ ವಿಷಯ ಹೇಳಬೇಕು. ಟ್ರೆಲ್ಲೊ ಬಂದದ್ದು 2011ರಲ್ಲಿ, ಆದರೆ ಕಾರ್ಡ್ ಹಿಡಿದು ಕೆಲಸ ನಡೆಸುವ ಕಾನ್‌ಬಾನ್ ಪದ್ಧತಿ ಅದಕ್ಕಿಂತ ಬಹಳ ಹಳೆಯದು. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಟೊಯೊಟಾದ ಎಂಜಿನಿಯರ್ ತೈಇಚಿ ಓನೊ ಅದನ್ನು ಕಾರ್ಖಾನೆಯಲ್ಲಿ ಬೆಳೆಸಿದರು. ಮುಂದಿನ ಹಂತದವರಿಗೆ ಬೇಕು ಅಂತ ಕಾರ್ಡ್ ಬಂದರೆ ಮಾತ್ರ ಹಿಂದಿನ ಹಂತದವರು ತಯಾರಿಸಬೇಕು, ಸುಮ್ನೆ ಮಾಡಿ ಗುಡ್ಡೆ ಹಾಕಬಾರದು. ನಮಗೂ ಇದು ಸರಿಯಾಗಿ ಹೊಂದುತ್ತದೆ. "ಹುಕ್ಸ್ ಬಾಕಿ" ಲಿಸ್ಟ್‌ನ ಹೆಸರಿನ ಪಕ್ಕದಲ್ಲೇ 8 ಅಂತ ಬರೆದಿದ್ದೇನೆ. ಅಲ್ಲಿ ಎಂಟು ಕಾರ್ಡ್ ಆದರೆ ಮೆಷಿನ್‌ನಲ್ಲಿದ್ದವರೂ ಎದ್ದು ಬಂದು ಹುಕ್ಸ್ ಹಾಕಬೇಕು. ಅರ್ಧಂಬರ್ಧ ಆದ ಇಪ್ಪತ್ತು ಬ್ಲೌಸ್‌ಗಿಂತ ಪೂರ್ತಿ ಆದ ಎಂಟು ಬ್ಲೌಸ್ ಒಳ್ಳೆಯದಲ್ವಾ? ಹಬ್ಬದ ಮುಂಚಿನ ವಾರ ಈ ಒಂದು ಅಂಕಿಯಿಂದ ಎಷ್ಟೋ ನೆಮ್ಮದಿ.

ಜೊತೆಯಲ್ಲಿ ಕೆಲಸ ಮಾಡುವವರನ್ನು ಬೋರ್ಡ್‌ಗೆ ಸೇರಿಸುವುದು ನಿಮಗೆ ಕೈ ಕೂತ ಮೇಲೆ. ಅವರ ಇಮೇಲ್ ಹಾಕಿ ಕರೆಯಬಹುದು. ಉಚಿತ ಆವೃತ್ತಿಯಲ್ಲಿ ಹತ್ತು ಮಂದಿಯವರೆಗೆ ಸೇರಬಹುದು. ಅವರಿಗೆ ಕಲಿಸುವುದು ಎರಡೇ ಕೆಲಸ: ಕಾರ್ಡ್ ತೆರೆದು ಓದುವುದು, ಎಳೆಯುವುದು. ಕಾರ್ಡ್ ಹೊಸದಾಗಿ ಮಾಡುವುದು ಬಟ್ಟೆ ತೆಗೆದುಕೊಳ್ಳುವವರು ಒಬ್ಬರೇ ಇರಲಿ, ಇಲ್ಲದಿದ್ದರೆ ಒಂದೇ ಕವರ್‌ಗೆ ಎರಡು ಕಾರ್ಡ್ ಆಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರನ್ನು ಒತ್ತಾಯ ಮಾಡಬೇಡಿ. ನಮ್ಮಲ್ಲಿ ಹುಕ್ಸ್ ಹಾಕುವವರು ಮುಗಿಸಿದ ಕವರ್‌ಗಳನ್ನು ಕಿಟಕಿ ಪಕ್ಕದ ಬುಟ್ಟಿಗೆ ಹಾಕುತ್ತಾರೆ, ಬುಟ್ಟಿ ನೋಡಿ ನಾನು ಕಾರ್ಡ್ ಎಳೆಯುತ್ತೇನೆ.

ಗಿರಾಕಿ ಬಂದು ಬಟ್ಟೆ ತೆಗೆದುಕೊಂಡು ಹೋದ ಮೇಲೆ ಕಾರ್ಡನ್ನು ಅಳಿಸಬೇಡಿ, ಆರ್ಕೈವ್ ಮಾಡಿ. ಬೋರ್ಡ್‌ನಿಂದ ಮರೆಯಾಗುತ್ತದೆ, ಆದರೆ ಫೋಟೊ, ಬರಹ ಸಮೇತ ಒಳಗೆ ಉಳಿದಿರುತ್ತದೆ. "ಕಳೆದ ಸಲ ಮಗಳ ಮದುವೆಗೆ ಹೊಲಿದ್ರಲ್ಲ, ಅದೇ ಥರ ನೆಕ್ ಇಡಿ" ಅಂತ ಬರುವವರು ಇದ್ದೇ ಇರುತ್ತಾರೆ. ಬೋರ್ಡ್‌ನ ಮೆನುವಿನಲ್ಲಿ ಆರ್ಕೈವ್ ಆದ ಕಾರ್ಡ್‌ಗಳಿಗೆ ಹೋಗಿ ಹೆಸರು ಹುಡುಕಿ ಫೋಟೊ ತೋರಿಸಿ, ಇದೇನಾ ಅಂತ ಕೇಳಿ. ಹೌದು ಅಂದರೆ ಕಾರ್ಡನ್ನು ವಾಪಸ್ ಬೋರ್ಡ್‌ಗೆ ಕಳಿಸಿ ಕಾಪಿ ಮಾಡಿ. ಹಳೆಯದು ಮತ್ತೆ ಆರ್ಕೈವ್‌ಗೆ ಹೋಗಲಿ. ಹೊಸದಕ್ಕೆ ಹೊಸ ಕವರ್ ನಂಬರ್, ಹೊಸ ಬಟ್ಟೆಯ ಫೋಟೊ, ಹೊಸ ತಾರೀಖು ಹಾಕಿ "ಬಂದಿದ್ದು" ಲಿಸ್ಟ್‌ನಲ್ಲಿಡಿ.