ಮೆಡಿಕಲ್ ಶಾಪ್ ಸೀನಿಗೆ ಒಂಬತ್ತು ಟೇಕ್

ಹಾಸನದ ನಮ್ಮ ಬಡಾವಣೇಲೇ ಗಂಡ ಹೆಂಡ್ತಿ ಸಂಬಂಧದ ಬಗ್ಗೆ ಒಂದು ಪೋಲಿ ಕಾಮಿಡಿ ಶೂಟ್ ಮಾಡ್ತೀನಿ ಅಂದಾಗ ಮನೇಲಿ ಯಾರೂ ಬೈಲಿಲ್ಲ, ಸಾರಿಗೆ ಉಪ್ಪು ಜಾಸ್ತಿ ಆಯ್ತಾ ಅಂತ ಮಾತು ತಿರುಗಿಸಿದ್ರು, ಆ ತಿರುಗಿಸೋದನ್ನೇ ಸಿನಿಮಾ ಮಾಡ್ಬೇಕು ಅನ್ನಿಸ್ತು. 22 ನಿಮಿಷದ ಶಾರ್ಟ್ ಫಿಲಂ. ಹೊಸ ಜೋಡಿ, ಪಕ್ಕದ ರೂಮಲ್ಲಿ ಅಪ್ಪ ಅಮ್ಮ, ಮಧ್ಯೆ ತೆಳ್ಳಗಿನ ಗೋಡೆ, ಕಿರುಗುಟ್ಟೋ ಮಂಚ, ಅಷ್ಟೇ ಕಥೆ.

ಮೊದಲ ಡ್ರಾಫ್ಟಲ್ಲಿ ಬರೀ ಡಬಲ್ ಮೀನಿಂಗ್ ತುಂಬಿದ್ದೆ. ಫ್ರೆಂಡ್ಸ್ ಬಿದ್ದು ಬಿದ್ದು ನಕ್ಕರು, ಆದ್ರೆ ಪ್ರತಿ ಜೋಕಲ್ಲೂ ನಗೆಪಾಟಲಾಗಿದ್ದು ಹೆಂಗಸೇ. ನಂಗೆ ಬೇಕಿದ್ದಿದ್ದು ಅದಲ್ಲ. ಎಲ್ಲಾ ಹೊಡೆದು ಹಾಕಿ, ಆ ವಿಷಯದ ಒಂದು ಪದಾನೂ ಜೋಡಿ ಬಾಯಲ್ಲಿ ಬರಬಾರ್ದು ಅಂತ ಕೂತು ಮತ್ತೆ ಬರೆದೆ.

ಜಾಸ್ತಿ ಕಷ್ಟಪಟ್ಟಿದ್ದು ಮೆಡಿಕಲ್ ಶಾಪ್ ಸೀನಿಗೆ. ಗಂಡ ಕಾಂಡೋಮ್ ತಗೊಳಕ್ಕೆ ಹೋಗಿರ್ತಾನೆ, ಅಷ್ಟರಲ್ಲಿ ಪಕ್ಕದ್ಮನೆ ಆಂಟಿ ಬಿಪಿ ಮಾತ್ರೆಗೆ ಬಂದು ನಿಲ್ತಾರೆ, ಇವನು ಗಾಬರಿಗೆ ಓಆರ್‌ಎಸ್ ಕೇಳ್ತಾನೆ, ಆಮೇಲೆ ಬ್ಯಾಂಡೇಜು, ಕಣ್ಣಿಗೆ ಬಿದ್ದಿದ್ದು ಅಂತ ಗ್ರೈಪ್ ವಾಟರ್, ತಕ್ಷಣ ಆಂಟಿ "ಏನಪ್ಪಾ, ವಿಶೇಷಾನಾ?" ಅಂತಾರೆ. ಅಂಗಡಿ ತಾತ 1968ರಲ್ಲಿ ಸರ್ಕಾರದ ನಿರೋಧ್ ಕಾಂಡೋಮ್ ಬಂದ ಕಾಲದವರು, ಅವರಿಗೆ ಎಲ್ಲಾ ಅರ್ಥ ಆಗಿದೆ, ಏನೂ ಮಾತಾಡ್ದೆ ಪ್ಯಾಕೆಟ್ ತೆಗೆದು ಹಳೇ ಪೇಪರಲ್ಲಿ ಸುತ್ತಿ ಮೇಲೊಂದು ಕಪ್ಪು ಕವರ್ ಹಾಕ್ತಾರೆ. ಹುಡುಗ ಎಂಟು ಟೇಕು ಕಾಮಿಡಿ ಮಾಡ್ದ, ಕಣ್ಣು ಹೊರಳಿಸ್ದ, ತೊದಲಿದ, ಒಂದೂ ಸೇರಲಿಲ್ಲ. ಒಂಬತ್ತನೇದಕ್ಕೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಕ್ಕೆ ನಿಂತಿದ್ದೀಯ ಅಂದ್ಕೋ ಅಂದೆ. ಸರಿಹೋಯ್ತು. ತಾತನ ಕೈ ಪೇಪರ್ ಮಡಿಸೋದನ್ನ ಕಟ್ ಮಾಡ್ದೆ ಪೂರ್ತಿ ಬಿಟ್ಟೆ, ಆ ಸರಸರ ಸೌಂಡ್ ರಾತ್ರಿ ಮನೇಲಿ ಬೇರೆ ರೆಕಾರ್ಡ್ ಮಾಡಿ ಸೇರಿಸಿದ್ದು.

ಶೂಟಿಂಗ್ ಮಧ್ಯೆ, ಶೂಟಿಂಗಿಗೆ ಅಂತ ಬಾಡಿಗೆಗೆ ತಗೊಂಡಿದ್ದ ಮನೆ ಓನರ್ರು ಸಂಸ್ಕೃತಿ ಹಾಳು ಅಂತ ಅಡ್ವಾನ್ಸ್ ವಾಪಸ್ ಕೊಟ್ಟು ಕಳಿಸಿದ್ರು. ತುಂಬಾ ನೋವಾಯ್ತು. ಇಲ್ಲೇ ಸುಮಾರು 40 ಕಿಲೋಮೀಟರ್ ದೂರದ ಬೇಲೂರಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನದ ಗೋಡೇಲೇ ಮಿಥುನ ಶಿಲ್ಪ ಇದೆ, ನಾಚಿಕೆ ಅನ್ನೋದು ನಮಗೆ ಆಮೇಲೆ ಯಾವಾಗಲೋ ಅಂಟಿಕೊಂಡಿದ್ದು ಅಂತ ನಾನು ನಂಬ್ತೀನಿ. ಉಳಿದಿದ್ದನ್ನ ನಮ್ಮನೇಲೇ, ನಮ್ಮಜ್ಜಿ ಮಂಚದ ಮೇಲೇ ಮುಗಿಸಿದ್ವಿ, ಗಂಡ ರಾತ್ರಿ ಎರಡು ಗಂಟೇಲಿ ಮಂಚದ ಕೀಲಿಗೆ ಕೊಬ್ಬರಿ ಎಣ್ಣೆ ಹಾಕೋ ಸೀನ್ ಹುಟ್ಟಿದ್ದೂ ಅಲ್ಲೇ.

ಎಡಿಟಿಂಗ್ ಮುಗಿದ ಮೇಲೆ ಮೊದಲು ಮನೆಯವರಿಗೇ ತೋರಿಸ್ದೆ. ಗ್ರೈಪ್ ವಾಟರ್‌ಗೆ ಅಮ್ಮ ಸೆರಗಲ್ಲಿ ಬಾಯಿ ಮುಚ್ಕೊಂಡು ನಕ್ಕರು. ಎಣ್ಣೆ ಸೀನ್ ಬಂದಾಗ ಅಪ್ಪ ರಿಮೋಟ್ ಹುಡುಕ್ಲಿಲ್ಲ.