ಒರಿಜಿನಲ್ ಪ್ಲೇಟಿನ ಹುಚ್ಚು ಅರ್ಧ ಇಳಿದ ಕಥೆ

ತುಂಬಾ ವರ್ಷ ನನಗೆ ಒಂದೇ ಹಟ. ವಿನೈಲ್ ಪ್ಲೇಟು ಕೊಂಡರೆ ಮೊದಲ ಪ್ರೆಸಿಂಗ್, ಅಂದರೆ ಆಲ್ಬಮ್ ಮೊದಲು ಬಂದಾಗ ಒತ್ತಿದ್ದು ಮಾತ್ರ. ಆಮೇಲೆ ಮತ್ತೆ ಒತ್ತಿದ ರೀಇಶ್ಯೂ ಅಂದರೆ ಮೂಗು ಮುರಿಯುತ್ತಿದ್ದೆ. ಅದರಲ್ಲೂ ನನ್ನ ಕಣ್ಣು ಇದ್ದದ್ದು ಯಾರೂ ಕೇಳಿರದ ಸಿಂತ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂತಸೈಜರಿನ, ರೆಕಾರ್ಡ್‌ಗಳ ಮೇಲೆ. 1979ರಲ್ಲಿ ಪೋರ್ಟಾಸ್ಟುಡಿಯೊ ಅನ್ನುವ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಬಂತು. ಆಮೇಲೆ ಒಂದು ಸಿಂತಸೈಜರ್, ಒಂದು ಡ್ರಮ್ ಮಷೀನ್ ಇದ್ದವರೆಲ್ಲ ಮಲಗುವ ಕೋಣೆಯಲ್ಲೇ ಆಲ್ಬಮ್ ಮಾಡತೊಡಗಿದರು. ಕೆಲವೇ ನೂರು ಪ್ರತಿ ಒತ್ತಿಸಿ, ಕವರನ್ನು ತಾವೇ ಅಂಟಿಸಿ ಹಂಚಿದವರು ಎಷ್ಟೋ ಜನ. ಅಂಥದ್ದೊಂದು ಕೈಗೆ ಸಿಕ್ಕಾಗ ಆಗುವ ಖುಷಿಯೇ ಬೇರೆ.

ನನ್ನ ಹಟ ಸಡಿಲವಾದದ್ದು 1983ರ ಒಂದು ಎಲ್‌ಪಿಯಿಂದ. ಮೂರು ವರ್ಷ ಹುಡುಕಿದ್ದೆ. ಮಾರುವವರು 'ನಿಯರ್ ಮಿಂಟ್', ಅಂದರೆ ಹೆಚ್ಚೂಕಡಿಮೆ ಹೊಸದರಂತೆ, ಅಂತ ಬರೆದಿದ್ದರು. ಬಂದ ಪ್ಲೇಟು ನಿಜಕ್ಕೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುಳ್ಳು ಇಟ್ಟೆ. ಮೊದಲ ಹಾಡು ಶುರುವಾಗುವುದೇ ಒಂದು ಉದ್ದನೆಯ ಸ್ವರದಿಂದ. ಆ ಸ್ವರ ನಿಲ್ಲಲೇ ಇಲ್ಲ. ಮೇಲೆ, ಕೆಳಗೆ, ಮೇಲೆ, ಕೆಳಗೆ. ತಂಬೂರಿಯ ಶ್ರುತಿಯೇ ತೂಗಾಡಿದರೆ ಹೇಗಿರುತ್ತದೆ, ಹಾಗೆ. ಗಡಿಯಾರ ಹಿಡಿದು ಎಣಿಸಿದೆ. ಸುಮಾರು 1.8 ಸೆಕೆಂಡಿಗೆ ಒಂದು ತೂಗು. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಪ್ಲೇಟು ಒಂದು ಸುತ್ತು ಹಾಕಲು ಹಿಡಿಯುವುದೂ ಅಷ್ಟೇ ಹೊತ್ತು. ಬಗ್ಗಿ ನೋಡಿದರೆ ಮುಳ್ಳು ಹಿಡಿದ ತೋಳು, ಅಂದರೆ ಟೋನ್‌ಆರ್ಮ್, ಎಡಕ್ಕೂ ಬಲಕ್ಕೂ ಓಲಾಡುತ್ತಿತ್ತು. ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಬಿದ್ದಿದೆ, ಅಷ್ಟೇ.

ಗಿಟಾರ್ ಸಂಗೀತವಾಗಿದ್ದರೆ ಬಹುಶಃ ಗೊತ್ತೇ ಆಗುತ್ತಿರಲಿಲ್ಲ. ಮೀಟಿದ ತಂತಿಯ ಸದ್ದು ಹೇಗೂ ಕರಗಿ ಹೋಗುತ್ತದೆ. ಸಿಂತ್ ಹಾಗಲ್ಲ. ಒಂದು ಸ್ವರವನ್ನು ಹತ್ತು ಸೆಕೆಂಡು ಗೆರೆ ಎಳೆದ ಹಾಗೆ ಹಿಡಿದಿಡುತ್ತದೆ. ಪ್ಲೇಟಿನ ಪ್ರತಿ ಕೊರತೆಯೂ ಅದರ ಮೇಲೆ ಎದ್ದು ಕಾಣುತ್ತದೆ. 'ನಿಯರ್ ಮಿಂಟ್' ಥರದ ಗ್ರೇಡಿಂಗ್ ಹೇಳುವುದು ಮೇಲ್ಮೈಯ ಬಗ್ಗೆ. ತೂತಿನ ಬಗ್ಗೆ ಯಾರೂ ಬರೆಯುವುದಿಲ್ಲ. ಈಗ ನಾನು ಕೊಳ್ಳುವ ಮೊದಲು ಕೇಳಿಯೇ ಬಿಡುತ್ತೇನೆ: ಆರ್ಮ್ ಓಲಾಡುತ್ತದಾ?

ಸಿಟ್ಟಿನಲ್ಲಿ ಅದೇ ಆಲ್ಬಮ್ಮಿನ ರೀಮಾಸ್ಟರ್ ಆದ, ಅಂದರೆ ಸದ್ದನ್ನು ಮತ್ತೆ ತಿದ್ದಿ ಒತ್ತಿದ, ರೀಇಶ್ಯೂ ತರಿಸಿದೆ. ಆ ಸ್ವರ ನೆಟ್ಟಗೆ ನಿಂತಿತ್ತು. ಐದು ನಿಮಿಷ ಸ್ವರ್ಗ. ಆಮೇಲೆ ಎರಡನೇ ಹಾಡಿನಲ್ಲಿ ಡ್ರಮ್ ಬಂತು. ಬಂತು ಅನ್ನುವುದಕ್ಕಿಂತ, ಬರಬೇಕಾಗಿತ್ತು. ಸ್ನೇರ್ ಡ್ರಮ್ಮಿನ 'ಛಸ್' ಅನ್ನುವ ಏಟಿನ ಜಾಗದಲ್ಲಿ ಒದ್ದೆ ಬಟ್ಟೆ ಬಿದ್ದಂಥ 'ತಪ್'.

ಇದು ಯಾಕೆ ಅಂತ ತಿಳಿಯಲು ಸ್ವಲ್ಪ ದಿನ ಹಿಡಿಯಿತು. ಆ ಕಾಲದ ಎಷ್ಟೋ ಡ್ರಮ್ ಮಷೀನುಗಳಲ್ಲಿ ಗದ್ದಲವೇ ವಾದ್ಯ. ರೋಲ್ಯಾಂಡ್ ಕಂಪನಿಯ ಟಿಆರ್-808 ಬಂದದ್ದು 1980ರಲ್ಲಿ. ಅದರ ಸ್ನೇರ್‌ನಲ್ಲಿ ಆ ಬಿರುಸು ಬರುವುದು ವೈಟ್ ನಾಯ್ಸ್ ಅನ್ನುವ ಬರೀ ಗದ್ದಲದಿಂದ. ಚಪ್ಪಾಳೆಯೂ ಅಷ್ಟೆ. ಅಂದರೆ ಮೂಲ ರೆಕಾರ್ಡಿಂಗ್ ಟೇಪಿನ ಹಿನ್ನೆಲೆಯಲ್ಲಿ ಕೇಳುವ 'ಸ್ಸ್' (ಹಿಸ್) ಯಾವ ಜಾತಿಯದೋ, ಸ್ನೇರ್ ಕೂಡ ಅದೇ ಜಾತಿ. ಗದ್ದಲ ತೆಗೆಯುವ ಸಾಫ್ಟ್‌ವೇರ್ ಏನು ಮಾಡುತ್ತದೆ? ಹಾಡು ಶುರುವಾಗುವ ಮೊದಲಿನ ಖಾಲಿ ಜಾಗದಿಂದ ಟೇಪ್ ಹಿಸ್ಸಿನ ಮಾದರಿ ತೆಗೆದುಕೊಳ್ಳುತ್ತದೆ. ಉಳಿದ ಕಡೆಯೆಲ್ಲ ಅದನ್ನು ಹೋಲುವುದನ್ನು ಕಳೆಯುತ್ತಾ ಹೋಗುತ್ತದೆ. ಕೈ ಸ್ವಲ್ಪ ಜಾಸ್ತಿ ಆದರೆ ಹಿಸ್ಸಿನ ಜೊತೆ ಡ್ರಮ್ಮೂ ಹೋಗುತ್ತದೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಅನುಮಾನ ಬಗೆಹರಿಸಿಕೊಳ್ಳಲು ಎರಡನ್ನೂ ಕಂಪ್ಯೂಟರಿಗೆ ಇಳಿಸಿದೆ. ಮೊದಲು ವಾಲ್ಯೂಮ್ ಸಮ ಮಾಡಿದೆ. ಈ ಕೆಲಸ ಬಿಟ್ಟರೆ ಹೋಲಿಕೆಗೆ ಅರ್ಥವೇ ಇಲ್ಲ, ಯಾಕೆಂದರೆ ಜೋರಾಗಿರುವುದೇ ಕಿವಿಗೆ ಚೆನ್ನ ಅನ್ನಿಸುತ್ತದೆ. ಎಷ್ಟೋ ರೀಮಾಸ್ಟರ್‌ಗಳು ಗೆಲ್ಲುವುದೇ ಆ ಒಂದು ತಂತ್ರದಿಂದ. ಆಮೇಲೆ ಹಾಡುಗಳ ನಡುವಿನ ಮೌನ ಕೇಳಿದೆ. ಟೇಪಿನಿಂದ ನೇರವಾಗಿ ಬಂದಿದ್ದರೆ ಹಾಡಿಗಿಂತ ಒಂದು ಕ್ಷಣ ಮೊದಲೇ ಸಣ್ಣ ಹಿಸ್ ಶುರುವಾಗಿರುತ್ತದೆ. ಈ ರೀಇಶ್ಯೂದಲ್ಲಿ ಬಾವಿಯಂಥ ಕತ್ತಲು, ಸಟ್ಟನೆ ಹಾಡು.

ಇನ್ನೊಂದು ಪರೀಕ್ಷೆ ಬದಿಯ ಕೊನೆಯ ಹಾಡಿನದು. ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡುತ್ತದೆ. ಒಳಗೆ ಲೇಬಲ್ ಹತ್ತಿರ ಬಂದಾಗ ಸುಮಾರು 21 ಮಾತ್ರ. ಜಾಗ ಸಾಲದೆ ಅಲ್ಲಿ ಚೂಪಾದ ಶಬ್ದಗಳು ಕರಕರ ಅನ್ನುತ್ತವೆ. ಟೇಪಿನಲ್ಲಿ ಈ ತೊಂದರೆ ಇರುವುದಿಲ್ಲ. ರೀಇಶ್ಯೂದ ಡಿಜಿಟಲ್ ಫೈಲಿನಲ್ಲೂ ಒರಿಜಿನಲ್‌ನ ಬದಿಯ ಕೊನೆಯ ಹಾಡು ಮಾತ್ರ ಹಾಗೇ ಕರಕರ ಅಂದರೆ, ಅದು ಯಾರದೋ ಹಳೇ ಪ್ಲೇಟಿನಿಂದಲೇ ಎತ್ತಿದ್ದು. ನನಗೆ ಸಿಕ್ಕಿದ್ದು ಅಂಥದ್ದೇ. ಕವರ್ ಮೇಲೆ 'ರೀಮಾಸ್ಟರ್ಡ್' ಅಂತ ಇತ್ತು. ಯಾವುದರಿಂದ ಅಂತ ಇರಲಿಲ್ಲ.

ಹಾಗಂತ ರೀಇಶ್ಯೂಗಳೆಲ್ಲ ಹೀಗೇ ಅಂದರೆ ಅನ್ಯಾಯ. ಮುಂಬೈಯ ಸಂಗೀತಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಮಾಡಿದ ರೆಕಾರ್ಡ್ ಆಗ ಹೆಚ್ಚು ಮಾರಾಟವಾಗಲಿಲ್ಲ. ಅದರಲ್ಲಿದ್ದದ್ದು ಟಿಬಿ-303 ಬೇಸ್ ಸಿಂತ್, ಟಿಆರ್-808, ಜುಪಿಟರ್-8 ಸಿಂತ್. ಆಸಿಡ್ ಹೌಸ್ ಅನ್ನುವ ನೃತ್ಯಸಂಗೀತದ ಹೆಸರೇ ಹುಟ್ಟುವ ಮೊದಲಿನ ಮಾತು. 2010ರ ರೀಇಶ್ಯೂ ಬರದಿದ್ದರೆ ನನ್ನಂಥವರು ಅದನ್ನು ಕೇಳುವುದು ಹಾಗಿರಲಿ, ಹೆಸರೂ ತಿಳಿಯುತ್ತಿರಲಿಲ್ಲ. ಮಾರ್ಟ್ ಗಾರ್ಸನ್ ಗಿಡಗಳಿಗಾಗಿ ಮೂಗ್ ಸಿಂತಸೈಜರಿನಲ್ಲಿ ಮಾಡಿದ 1976ರ ಆಲ್ಬಮ್ ಕೂಡ ಹಾಗೆ. ಲಾಸ್ ಏಂಜಲೀಸ್‌ನ ಒಂದು ಗಿಡದ ಅಂಗಡಿಯಲ್ಲಿ ಗಿಡ ಕೊಂಡವರಿಗೆ, ಬೇರೆ ಅಂಗಡಿಯಲ್ಲಿ ಹಾಸಿಗೆ ಕೊಂಡವರಿಗೆ ಕೊಡುತ್ತಿದ್ದ ರೆಕಾರ್ಡ್ ಅದು. ಅಧಿಕೃತವಾಗಿ ಮತ್ತೆ ಬಂದದ್ದು 2019ರಲ್ಲಿ. ನ್ಯೂಯಾರ್ಕಿನ ಮಿನಿಮಲ್ ವೇವ್, ಸ್ಯಾನ್ ಫ್ರಾನ್ಸಿಸ್ಕೊದ ಡಾರ್ಕ್ ಎಂಟ್ರೀಸ್ ಥರದ ಲೇಬಲ್‌ಗಳು ಹುಟ್ಟಿದ್ದೇ ಇಂಥ ಮರೆತ ಸಂಗೀತ ಹುಡುಕಲು.

ಸರಿಯಾಗಿ ಮಾಡಿದ ರೀಇಶ್ಯೂದ ಹಿಂದೆ ದೊಡ್ಡ ಕೆಲಸವಿದೆ. ಎಪ್ಪತ್ತು–ಎಂಬತ್ತರ ದಶಕದ ಕೆಲವು ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿರುತ್ತದೆ. ಹಾಗೇ ಓಡಿಸಿದರೆ ಸಂಗೀತವೇ ಕಿತ್ತುಬರುತ್ತದೆ. 50–55 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿ, ಆಮೇಲೆ ನಕಲು ತೆಗೆಯಬೇಕು. ಜೊತೆಗೆ, ಒಂದು ಬದಿಗೆ 25 ನಿಮಿಷ ತುರುಕಿದ ಒರಿಜಿನಲ್‌ಗಳಲ್ಲಿ ಗೆರೆ ಸಣ್ಣದಾಗಿ, ಬೇಸ್ ಸೊರಗಿರುತ್ತದೆ. ಅದನ್ನೇ ಎರಡು ಪ್ಲೇಟಿಗೆ ಹರಡಿದರೆ ಉಸಿರಾಡಲು ಜಾಗ ಸಿಗುತ್ತದೆ. ಅಂಥ ಕಡೆ ರೀಇಶ್ಯೂ ನನ್ನ ಒರಿಜಿನಲ್ ಅನ್ನು ಸೋಲಿಸಿದೆ. ಒಪ್ಪಿಕೊಳ್ಳಲು ಹೊಟ್ಟೆ ಉರಿಯಿತು, ಆದರೂ ನಿಜ. ಇನ್ನೊಂದು, ಲೈಸೆನ್ಸ್ ಪಡೆದು ಮಾಡಿದ ರೀಇಶ್ಯೂದಿಂದ ಕಲಾವಿದರಿಗೆ ಏನಾದರೂ ಸೇರುತ್ತದೆ. ನಾನು ಸೆಕೆಂಡ್ ಹ್ಯಾಂಡ್ ಕೊಂಡದ್ದರಿಂದ ಅವರಿಗೆ ಬಿಡಿಗಾಸೂ ಇಲ್ಲ.

ಈಗ ಮೊದಲು ಓದುವುದು ಹಿಂಬದಿಯ ಸಣ್ಣಕ್ಷರ. ಮೂಲ ಟೇಪಿನಿಂದ ಅಂತ ಇದ್ದು, ಮಾಸ್ಟರ್ ಮಾಡಿದವರ ಹೆಸರೂ ಇದ್ದರೆ ರೀಇಶ್ಯೂ ಸಾಕು. ಸುಮ್ಮನೆ 'ರೀಮಾಸ್ಟರ್ಡ್' ಅಂತ ಇದ್ದರೆ ಕೇಳದೆ ಕೊಳ್ಳುವುದಿಲ್ಲ. ಟೇಪು ಕಳೆದುಹೋಗಿದೆ ಅಂತ ಗೊತ್ತಾದರೆ ಮಾತ್ರ ಒರಿಜಿನಲ್ ಬೇಟೆ. ಆಗ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಗೀರಿದ ಮ್ಯಾಟ್ರಿಕ್ಸ್ ನಂಬರಿನ (ಯಾವ ಪ್ರೆಸಿಂಗ್ ಅಂತ ಹೇಳುವ ಗುರುತು) ಫೋಟೊ ಕೇಳುತ್ತೇನೆ, ಕಳ್ಳಪ್ರತಿ ಸಿಕ್ಕಿಬೀಳುವುದು ಅಲ್ಲೇ. ಬಂದ ಪ್ಲೇಟನ್ನು ತೊಳೆಯದೆ ತೀರ್ಪು ಕೊಡುವುದಿಲ್ಲ. ಸವೆತ ಅಂದುಕೊಂಡದ್ದು ಎಷ್ಟೋ ಸಲ ಬರೀ ಕೊಳೆ.

ಆ 1983ರ ಎಲ್‌ಪಿಯ ಕಥೆ ಮುಗಿದಿರಲಿಲ್ಲ. ಒಂದು ಭಾನುವಾರ ಧೈರ್ಯ ಮಾಡಿ, ಮರಳುಕಾಗದ ಸುರುಳಿ ಸುತ್ತಿ ತೂತನ್ನು ಒಂದು ಕಡೆಗೆ ಚೂರು ದೊಡ್ಡದು ಮಾಡಿದೆ. ಸಂಗ್ರಹಕಾರರು ನೋಡಿದರೆ ಶಾಪ ಹಾಕುತ್ತಾರೆ. ಪ್ಲೇಟು ತಿರುಗಿಸುತ್ತಾ, ಆರ್ಮ್ ನೋಡುತ್ತಾ, ಬೆರಳ ತುದಿಯಲ್ಲಿ ತಳ್ಳುತ್ತಾ ಹೋದೆ. ಎಂಟನೇ ಪ್ರಯತ್ನಕ್ಕೆ ಓಲಾಟ ನಿಂತಿತು. ಉದ್ದ ಸ್ವರ ನೆಟ್ಟಗೆ ನಿಂತಿತು. ಎರಡನೇ ಹಾಡಿನಲ್ಲಿ ಸ್ನೇರ್ 'ಛಸ್' ಅಂತ ಸೀಳಿಕೊಂಡು ಬಂತು.